ಜಲ್ಲಿ ದಡದ ಆರನೆಯ ಚುಕ್ಕೆ

ನಮ್ಮ ಅಡುಗೆಮನೆಯ ಕಿಟಕಿಯಿಂದ ನದಿ ಮೂರು ಬೆರಳಗಲ ಕಾಣುತ್ತಿತ್ತು. ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಿ ತುದಿಗಾಲಲ್ಲಿ ನಿಂತರೆ ನಾಲ್ಕು ಬೆರಳು. ಟೋಕಿಯೋ ಪಕ್ಕದ ಇಚಿಕಾವಾದ ಆ ಮನೆಗೆ ಬಂದು ಮೂರು ವರ್ಷವಾಗಿದ್ದರೂ ನಾನು ಅದಕ್ಕೆ ನದಿಯ ಮರ್ಯಾದೆ ಕೊಟ್ಟಿರಲಿಲ್ಲ. ಮೈಸೂರಿನವಳಿಗೆ ನದಿಯೆಂದರೆ ಕಾವೇರಿ; ಇಳಿಯಲು ಮೆಟ್ಟಿಲಿರಬೇಕು, ತಲೆಗೆ ಪ್ರೋಕ್ಷಿಸಿಕೊಳ್ಳಲು ಒಂದು ಬೊಗಸೆ ನೀರು ಸಿಗಬೇಕು. ಇಲ್ಲಿ ಎತ್ತರದ ಏರಿಯ ಆಚೆ ಬೂದುಬಣ್ಣದ ನೀರು, ದಡದಲ್ಲಿ ಮರಳು ಜಲ್ಲಿ ಇಳಿಸುವ ಒಂದು ಅಂಗಳ, ತುಕ್ಕು ಹಿಡಿದ ಒಂದು ಕ್ರೇನು, ಅಷ್ಟೇ. ಚಪ್ಪಟೆ ದೋಣಿಗಳು ಜಲ್ಲಿ ಹೊತ್ತು ಬರುತ್ತಿದ್ದವು, ಕ್ರೇನು ಅದನ್ನು ಬೊಗಸೆ ಬೊಗಸೆಯಾಗಿ ಎತ್ತಿ ಗುಡ್ಡೆ ಹಾಕುತ್ತಿತ್ತು, ಲಾರಿಗಳು ಹೊತ್ತೊಯ್ಯುತ್ತಿದ್ದವು. ಒಣಹಾಕಿದ ಬಟ್ಟೆಯ ಮೇಲೆ ಧೂಳು ಕೂರುತ್ತದೆಯೆಂದು ನಾನು ಗೊಣಗುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಸಂಬಂಧ ನಮಗೆ ಇರಲಿಲ್ಲ.

ಸಂಬಂಧ ಕೂಡಿಸಿದವನು ಒಬ್ಬ ಫ್ರೆಂಚ್ ಚಿತ್ರಕಾರ. ತೀರಿಹೋಗಿ ನೂರು ವರ್ಷ ದಾಟಿದವನು.

ಅದು ಕೊರೋನಾದ ಎರಡನೆಯ ವರ್ಷ. ಇದ್ದ ಎರಡು ಕೋಣೆಗಳಲ್ಲಿ ಒಂದು ನಮ್ಮವರ ಆಫೀಸಾಗಿತ್ತು, ಇನ್ನೊಂದು ಮಗಳ ಮೂರನೆಯ ಕ್ಲಾಸು. ನಡುವಿನ ಅಡುಗೆಮನೆಯಲ್ಲಿ ನಾನು ಬೆಕ್ಕಿನಂತೆ ಓಡಾಡಬೇಕು. ಒಗ್ಗರಣೆ ಸಿಡಿಯುವ ಹಾಗಿಲ್ಲ, ಕುಕ್ಕರ್ ಕೂಗುವ ಹಾಗಿಲ್ಲ. ಒಂದು ದಿನ ಮರೆತು ಬೇಳೆ ಇಟ್ಟುಬಿಟ್ಟೆ. ಮೂರನೆಯ ಕೂಗಿಗೆ ನಮ್ಮವರು ಹೆಡ್‌ಫೋನನ್ನು ಕತ್ತಿಗೆ ಜಾರಿಸಿಕೊಂಡು ಓಡಿಬಂದರು.

"ಏನೇ ಇದು, ಅಲ್ಲಿ ಕ್ಲೈಂಟು ಭೂಕಂಪದ ಸೈರನ್ನಾ ಅಂತ ಕೇಳ್ತಿದಾರೆ!"

"ಮೂರೇ ವಿಷಲ್ಲು ರೀ. ಆಯ್ತು, ಆರಿಸ್ದೆ."

"ನೀನು ಆರಿಸ್ದೆ. ಅಲ್ಲಿ ಒಬ್ಬರು ಆಗ್ಲೇ ಟೇಬಲ್ ಕೆಳಗೆ ಕೂತಿದಾರೆ."

ಅಂದಿನಿಂದ ಎಂಟೂವರೆಯೊಳಗೆ ಅಡುಗೆ ಮುಗಿಸುವ ಅಭ್ಯಾಸವಾಯಿತು. ಹತ್ತರಿಂದ ಹನ್ನೊಂದರವರೆಗೆ ಮನೆಯಲ್ಲಿ ನನಗೆ ಕೆಲಸವೂ ಇರುತ್ತಿರಲಿಲ್ಲ, ಸದ್ದು ಮಾಡುವ ಹಕ್ಕೂ ಇರುತ್ತಿರಲಿಲ್ಲ. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನದೇ ಎನ್ನಬಹುದಾದ ಒಂದು ಗಂಟೆ ಕೈಗೆ ಬಂತು. ಅದನ್ನು ಏನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ.

ಅಷ್ಟರಲ್ಲಿ ನಮ್ಮವರ ಸಹೋದ್ಯೋಗಿಯೊಬ್ಬರು ತಮಗೆ ಹೋಗಲಾಗದ ಚಿತ್ರಪ್ರದರ್ಶನದ ಎರಡು ಟಿಕೆಟ್ ಕೊಟ್ಟರು. ಇಂಥ ದಿನ, ಇಂಥ ಹೊತ್ತು, ಅರ್ಧ ಗಂಟೆಯೊಳಗೆ ಒಳಗಿರಬೇಕು ಎಂದು ಟಿಕೆಟ್ಟಿನ ಮೇಲೇ ಅಚ್ಚಾಗಿತ್ತು. ಮಗಳನ್ನು ಕರೆದುಕೊಂಡು ಹೋದೆ. ಒಳಗೆ ಬಿಳಿ ಕೈಗವಸಿನ ಹೆಂಗಸೊಬ್ಬರು "ದಯವಿಟ್ಟು ಮಾತನಾಡಬೇಡಿ" ಎಂಬ ಹಲಗೆ ಹಿಡಿದು, ಮೆರವಣಿಗೆಯ ದೀಪದವರಂತೆ ನಿಧಾನವಾಗಿ ಸುತ್ತುತ್ತಿದ್ದರು.

ತಾವರೆಕೊಳ, ಛತ್ರಿ ಹಿಡಿದ ಹೆಂಗಸರು ಇರಬಹುದು ಅಂದುಕೊಂಡಿದ್ದೆ. ಇದ್ದದ್ದು ಕೂಲಿಯ ದಡ. ಆ ಚಿತ್ರಕಾರನಿಗೆ ವಯಸ್ಸಾದ ಮೇಲೆ ಕಣ್ಣಿನ ಕಾಯಿಲೆಯಂತೆ. ಗಾಳಿ, ಧೂಳು ಆಗುತ್ತಿರಲಿಲ್ಲವಂತೆ. ಅದಕ್ಕೇ ಬಂದರಿನ ಊರಿನಲ್ಲಿ ಹೋಟೆಲಿನ ಕೋಣೆ ಹಿಡಿದು, ಕಿಟಕಿಯೊಳಗಿಂದಲೇ ನದಿಯನ್ನು ಬರೆದ ಎಂದು ಗೋಡೆಯ ಮೇಲಿನ ಬರಹ ಹೇಳಿತು. ಸೇತುವೆ, ಹಡಗು, ಮರದ ದಿಮ್ಮಿಗಳ ರಾಶಿ, ಹೊಗೆ ಕಾರುವ ಕೊಳವೆ. ಅದೇ ದಡ ಮಂಜಿನಲ್ಲಿ, ಅದೇ ದಡ ಮಳೆಯಲ್ಲಿ, ಅದೇ ದಡ ಇಳಿಬಿಸಿಲಿನಲ್ಲಿ. ಮಸಿಹೊಗೆಯನ್ನು ಹತ್ತಿರ ಹೋಗಿ ನೋಡಿದರೆ ಕರಿ ಬಣ್ಣ ಎಲ್ಲೂ ಇಲ್ಲ. ನೇರಳೆ, ತಿಳಿಹಸಿರು, ಹಸುವಿನ ಹಾಲಿನಂಥ ಹಳದಿ. ಮೂಟೆ ಹೊರುವವರೆಲ್ಲ ಒಂದೊಂದು ಚುಕ್ಕೆ. ಒಂದು ಹೆಜ್ಜೆ ಹಿಂದೆ ಸರಿದರೆ ಆ ಚುಕ್ಕೆಯ ಬೆನ್ನು ಬಾಗುತ್ತಿತ್ತು.

ಮಗಳು ನನ್ನ ಸೆರಗು ಎಳೆದು ಪಿಸುಗುಟ್ಟಿದಳು. "ಅಮ್ಮಾ, ದೇ ಹ್ಯಾವ್ ನೋ ಫೇಸ್."

"ದೂರದಲ್ಲಿದಾರಲ್ಲ ಪುಟ್ಟಿ."

"ನೋ ಅಮ್ಮಾ. ಮಾಸ್ಕ್ ಹಾಕಿದಾರೆ."

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಹಲಗೆಯವರು ನಮ್ಮ ಹಿಂದೆಯೇ ಬಂದು ನಿಂತು, ಹಲಗೆಯನ್ನು ನನ್ನ ಕಡೆಗೆ ಮೆತ್ತಗೆ ಅರ್ಧ ಅಂಗುಲ ತಿರುಗಿಸಿದರು.

ರೈಲಿನಲ್ಲಿ ಬರುವಾಗ ನಮ್ಮ ಕಾನ್ವೆಂಟಿನ ಡ್ರಾಯಿಂಗ್ ಸಿಸ್ಟರ್ ನೆನಪಾದರು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ನಾವೆಲ್ಲ ಮೇರಿ ಮಾತೆಯ ಗವಿಯ ಮುಂದೆ ಸಾಲಾಗಿ ಕೂತು ಅದನ್ನೇ ಬರೆಯುತ್ತಿದ್ದೆವು. ಸಿಸ್ಟರ್ ಒಂದು ವಾರ ನಮ್ಮನ್ನೆಲ್ಲ ಎಬ್ಬಿಸಿ ಹಾಸ್ಟೆಲಿನ ಹಿತ್ತಲಿಗೆ ಕರೆದೊಯ್ದರು. "ಮಾತೆಯನ್ನ ಎಲ್ಲರೂ ಬರೀತಾರೆ. ಈ ಪಾತ್ರೆ ತೊಳೆಯೋ ಕಲ್ಲನ್ನ ಯಾರು ಬರೀತಾರೆ? ಮಾತೆ ಬೇಜಾರು ಮಾಡ್ಕೊಳಲ್ಲ, ಬರೀರಿ." ಬೂದಿ ಹಚ್ಚಿ ತಿಕ್ಕುತ್ತಿದ್ದ ಆಯಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳು. ನನ್ನ ಚಿತ್ರಕ್ಕೆ 'ಗುಡ್' ಸಿಕ್ಕಿತ್ತು. ಎಸೆಸೆಲ್ಸಿ ಆದ ಮೇಲೆ ಮತ್ತೆ ಕುಂಚ ಹಿಡಿದಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಮಗಳ ಬಣ್ಣದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಏರಿ ಹತ್ತಿದೆ.

ಮೊದಲ ಹದಿನೈದು ದಿನ ಬಂದದ್ದೆಲ್ಲ ಕೆಸರು. ಬಣ್ಣ ಕಲಸುವುದರೊಳಗೆ ಬೆಳಕು ಬದಲಾಗುತ್ತಿತ್ತು, ದೋಣಿ ಸರಿದುಹೋಗುತ್ತಿತ್ತು. ಆಮೇಲೆ ಒಂದು ಉಪಾಯ ಹೊಳೆಯಿತು. ದಡದಲ್ಲಿ ನಿಂತು ಚಿಕ್ಕ ನೋಟ್‌ಪುಸ್ತಕದಲ್ಲಿ ಕಂಡದ್ದನ್ನು ಬರೆದುಕೊಳ್ಳುವುದು, ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಬಣ್ಣ ಹಾಕುವುದು. ನನ್ನ ಪುಸ್ತಕ ಹೀಗಿರುತ್ತಿತ್ತು: "10.10. ದೋಣಿ 2, ಲಾರಿ 3. ಧೂಳು, ನಡುವೆ ಗುಲಾಬಿ, ಅಂಚು ಹಳದಿ. 10.25. ಧೂಳು ಬಲಕ್ಕೆ. ಇಬ್ಬರು ಊಟಕ್ಕೆ ಕೂತಿದ್ದಾರೆ, ನೆರಳು ನೀಲಿ." ನಸುಕಿನಲ್ಲೇ ಕೆಲಸಕ್ಕೆ ಬಂದ ಕೆಲವರು ಅಷ್ಟು ಹೊತ್ತಿಗೇ ಊಟದ ಡಬ್ಬಿ ಬಿಚ್ಚುತ್ತಿದ್ದರು. ಕೈಗಡಿಯಾರ ನೋಡುವುದು, ಬರೆಯುವುದು, ಮತ್ತೆ ಅಂಗಳ ನೋಡುವುದು. ಜೂನಿನ ಮಳೆಗಾಲ, ಇಲ್ಲಿ ಅದರ ಬೆನ್ನಿಗೇ ಬರುವ ಬೇಸಿಗೆ ಎರಡೂ ಹಾಗೇ ಕಳೆದವು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಧೂಳು. ಕ್ರೇನಿನ ಬಕೆಟ್ಟು ಗುಡ್ಡೆಯ ಮೇಲೆ ಬಂದು ಬಾಯಿ ತೆರೆದೊಡನೆ ಜಲ್ಲಿ ಧೋ ಎಂದು ಸುರಿದು, ಒಂದು ಕ್ಷಣ ತಡೆದು ಧೂಳು ಏಳುತ್ತಿತ್ತು. ಹತ್ತು ಗಂಟೆಯ ಬಿಸಿಲು ಅದರೊಳಗೆ ಹೊಕ್ಕರೆ ಇಡೀ ಅಂಗಳಕ್ಕೆ ದೇವರಿಗೆ ಸಾಂಬ್ರಾಣಿ ಹಾಕಿದ ಹಾಗೆ. ಅದರ ನಡುವೆ ಕಿತ್ತಳೆ ಅಂಗಿಯ ಜನ ಮಂಕಾಗಿ, ಮತ್ತೆ ಮೂಡಿ, ಮತ್ತೆ ಮಂಕಾಗಿ. ಅದೊಂದನ್ನು ದೊಡ್ಡ ಹಾಳೆಯಲ್ಲಿ ಹಿಡಿದುಬಿಡಬೇಕೆಂದು ಆಸೆಯಾಯಿತು.

ಸೆಪ್ಟೆಂಬರಿನಲ್ಲಿ ನಮ್ಮವರು ಊಟಕ್ಕೆ ಕೂತಾಗ ಹೇಳಿದರು. "ಪ್ರಾಜೆಕ್ಟ್ ನಗೋಯಾಗೆ ಶಿಫ್ಟ್ ಆಗ್ತಿದೆ ಕಣೇ. ಡಿಸೆಂಬರಿಗೆ ಹೊರಡ್ಬೇಕು."

"ಅಲ್ಲಿ ನದಿ ಇದೆಯಾ ರೀ?"

"ಫ್ಯಾಕ್ಟರಿ ಇದೆ." ಸ್ವಲ್ಪ ಹೊತ್ತು ಸಾರು ಕಲಸಿ, "ನೀನೇನು ನದಿ ಕೇಳ್ತೀಯ? ಬಂದಾಗ ಇದನ್ನ ಚರಂಡಿ ಅಂದಿದ್ದೆ" ಎಂದರು.

ಅಂದಿದ್ದೆ, ನಿಜ. ಈಗ ನನಗೆ ಮೂರು ತಿಂಗಳಿತ್ತು. ದೊಡ್ಡ ಹಾಳೆ ತಂದಿಟ್ಟೆ.

ಅಕ್ಟೋಬರಿನ ಒಂದು ಬೆಳಿಗ್ಗೆ, ಅಂಗಳದಿಂದ ಒಬ್ಬರು ಏರಿ ಹತ್ತಿ ನನ್ನ ಕಡೆಗೆ ಬಂದರು. ಅರವತ್ತರ ಆಸುಪಾಸು, ಬಿಳಿ ಹೆಲ್ಮೆಟ್ಟು, ಅದರ ಸುತ್ತ ಒಂದು ಹಸಿರು ಗೆರೆ. ಮಿಕ್ಕವರ ಹೆಲ್ಮೆಟ್ಟಿಗೆ ಗೆರೆಯಿರಲಿಲ್ಲವಾದ್ದರಿಂದ ಅಂಗಳದ ಮೇಸ್ತ್ರಿ ಇವರೇ ಎಂದು ಊಹಿಸಿದೆ. ಸೊಂಟದಿಂದ ಬಾಗಿ, "ಸುಮಿಮಾಸೆನ್, ಕ್ಷಮಿಸಿ, ಧೂಳಿನಿಂದ ತಮಗೆ ಬಹಳ ತೊಂದರೆಯಾಗುತ್ತಿದೆ" ಎಂದು ಬಿಳಿ ಕಾಗದ ಸುತ್ತಿದ ಚಪ್ಪಟೆ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಚಾಚಿದರು. ಒಳಗೆ ಟವೆಲು ಇರುತ್ತದೆಂದು ನನಗೆ ಗೊತ್ತಿತ್ತು. ಅಕ್ಕಪಕ್ಕದಲ್ಲಿ ಕಟ್ಟಡದ ಕೆಲಸ ಶುರುವಾದರೆ ಹೀಗೆ ಟವೆಲು ಕೊಟ್ಟು ಹೋಗುವುದು ಇಲ್ಲಿನ ಪದ್ಧತಿ. ಕ್ಷಮೆ ಕೇಳುವುದಂತೂ ಈ ಊರಿನಲ್ಲಿ ನಮ್ಮಲ್ಲಿ "ಊಟ ಆಯ್ತಾ" ಅಂದ ಹಾಗೆ. ನಾನೂ ಮೂರು ಸಲ ಬಾಗಿ, ಅಂಗಡಿಗಳಲ್ಲಿ ಕಲಿತ ನನ್ನ ಜಪಾನೀಸಿನಲ್ಲಿ ಹೃತ್ಪೂರ್ವಕವಾಗಿ ಹೇಳಿದೆ. "ಅಯ್ಯೋ, ತೊಂದರೆಯೇ ಇಲ್ಲ. ನಿಮ್ಮ ಧೂಳು ತುಂಬಾ ಸುಂದರವಾಗಿದೆ. ದಿನಾ ನೋಡಲು ಬರುತ್ತೇನೆ."

ಮೇಸ್ತ್ರಿ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡರು. ಮಾಸ್ಕಿನ ಮೇಲಿನ ಕಣ್ಣು ಸಣ್ಣದಾಯಿತು. ಮೊದಲಿಗಿಂತ ಆಳವಾಗಿ ಬಾಗಿ ಹೊರಟುಹೋದರು.

ಮರುದಿನ ಹತ್ತು ಗಂಟೆಗೆ ಹೋಗಿ ನೋಡಿದರೆ ಗುಡ್ಡೆಗಳಿಗೆಲ್ಲ ನೀಲಿ ಟಾರ್ಪಾಲು ಹೊದಿಸಿದ್ದಾರೆ! ಒಬ್ಬರು ಪೈಪು ಹಿಡಿದು ನೀರು ಚಿಮುಕಿಸುತ್ತಿದ್ದಾರೆ. ಬಕೆಟ್ಟು ಬಾಯಿ ತೆರೆದರೆ ಜಲ್ಲಿ ಪೊತ್ತನೆ ಬಿತ್ತು, ಒದ್ದೆ ಅಕ್ಕಿ ಸುರಿದ ಹಾಗೆ. ಧೂಳಿನ ಸುಳಿವಿಲ್ಲ. ನಾನು ಪುಸ್ತಕ ತೆಗೆದು ಬೇಸರದಿಂದ "10.10. ಧೂಳು ಇಲ್ಲ" ಎಂದು ಬರೆದುಕೊಂಡೆ. ಕೆಳಗೆ ಪೈಪು ಹಿಡಿದವರು ಅದನ್ನು ನೋಡಿ ಇನ್ನಷ್ಟು ಜೋರಾಗಿ ಚಿಮುಕಿಸತೊಡಗಿದರು.

ಟವೆಲಿನ ಡಬ್ಬಿ ಮನೆಯಲ್ಲಿತ್ತು. ಯಾರದೇ ಡಬ್ಬಿಯನ್ನು ಖಾಲಿ ವಾಪಸು ಕೊಡಬಾರದೆಂದು ಅಮ್ಮ ಕಲಿಸಿದ್ದು. ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಕೋಡುಬಳೆ ಕರಿದು, ಡಬ್ಬಿ ತುಂಬಿಸಿ, ಅಂಗಳದ ಗೇಟಿನಲ್ಲಿ ಕೊಟ್ಟುಬಂದೆ. ಎರಡು ದಿನಕ್ಕೆ ಮೇಸ್ತ್ರಿ ಅಕ್ಕಿಯ ಚಕ್ಕುಲಿಯಂಥ ಸೆನ್‌ಬೇ ಡಬ್ಬಿ ಹಿಡಿದು ಏರಿ ಹತ್ತಿ ಬಂದು ಮತ್ತೆ ಕ್ಷಮೆ ಕೇಳಿದರು. ಬಂದ ಉಡುಗೊರೆಗೆ ಮರು ಉಡುಗೊರೆ ಕೊಡದಿದ್ದರೆ ಅವರಿಗೆ ನಿದ್ದೆ ಬರದು, ಡಬ್ಬಿ ಖಾಲಿ ಕೊಟ್ಟರೆ ನನಗೆ ಬರದು. ನಾನು ಚಕ್ಕುಲಿ ಕೊಟ್ಟೆ. ಅವರು ಚಹಾಪುಡಿ ತಂದರು. ಒಂದೊಂದು ಡಬ್ಬಿಗೂ ಒಂದೊಂದು ಟಾರ್ಪಾಲು ಹೆಚ್ಚಾಯಿತು. ಕೊನೆಗೆ ಗೇಟಿನ ಪಕ್ಕದಲ್ಲಿ ಬೋರ್ಡೇ ಬಂತು: "ಧೂಳು ನಿಯಂತ್ರಣ ಮಾಸ. ನೀರು ಸಿಂಪಡಣೆ 8.00, 10.00, 1.00, 3.00."

"ನಿನ್ನ ಕೋಡುಬಳೆ ಕಡಿದು ಹಲ್ಲು ಹೋಗಿರ್ಬೇಕು, ಹೆದರಿದಾರೆ" ಎಂದರು ನಮ್ಮವರು.

ನವೆಂಬರ್ ಬಂದಿತ್ತು. ದೊಡ್ಡ ಹಾಳೆಯಲ್ಲಿ ಆಕಾಶ, ನೀರು, ಕ್ರೇನು ಎಲ್ಲ ಆಗಿ ನಡುವೆ ಬೆಳ್ಳಗೆ ಬೋಳು ಜಾಗ ಉಳಿದಿತ್ತು. ಧೂಳಿನ ಜಾಗ.

ಬಗೆಹರಿಸಿದವರು ಕೆಳಮನೆಯ ಅಜ್ಜಿ. ಮೆಟ್ಟಿಲ ಬಳಿ ಸೇವಂತಿಗೆ ಕುಂಡಗಳಿಗೆ ನೀರು ಹಾಕುತ್ತ, ನಮ್ಮ ಕಟ್ಟಡದ ಎಂಬತ್ತು ಮನೆಗಳ ಸುದ್ದಿಯನ್ನು ಇಟ್ಟುಕೊಂಡಿರುತ್ತಿದ್ದರು. ಒಂದು ಸಂಜೆ ನನ್ನನ್ನೂ ಮಗಳನ್ನೂ ತಡೆದು ನಿಲ್ಲಿಸಿ, ನನಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಕೇಳಿದರು. ಗೃಹಿಣಿಯರನ್ನು ಇಲ್ಲಿ ಒಕುಸಾನ್ ಎಂದೇ ಕರೆಯುವುದು.

"ಒಕುಸಾನ್, ನಗರ ಕಚೇರಿಗೆ ದೂರು ಯಾವಾಗ ಕೊಡುತ್ತೀರಿ?"

"ಯಾವ ದೂರು?"

"ಜಲ್ಲಿ ಅಂಗಳದ್ದು. ಪಾಪ, ಮೇಸ್ತ್ರಿ ನನ್ನನ್ನೇ ಎರಡು ಸಲ ಕೇಳಿದ. ಆರು ತಿಂಗಳಿಂದ ದಿನಾ ಬಂದು ಗಡಿಯಾರ ನೋಡಿ ಬರೆದುಕೊಳ್ಳುತ್ತೀರಂತೆ. ಮಾತಾಡಿಸಿದರೆ ಧೂಳು ಸುಂದರವಾಗಿದೆ ಅಂದಿರಂತೆ. ಅಷ್ಟು ಕಟುವಾಗಿ ಯಾರೂ ಹೇಳಿರಲಿಲ್ಲವಂತೆ."

ನಾನು ಮಗಳ ಮುಖ ನೋಡಿದೆ. ಅವಳು ವಿವರಿಸಿದಳು. "ಅಮ್ಮಾ, ಹಿಯರ್ ಇಫ್ ದೇ ಸೇ ನಿಮ್ಮ ಮಗಳು ಪಿಯಾನೋ ಚೆನ್ನಾಗಿ ನುಡಿಸ್ತಾಳೆ, ಇಟ್ ಮೀನ್ಸ್ ಕಿಟಕಿ ಹಾಕ್ಕೊಳಿ. ಎವ್ರಿಬಡಿ ನೋಸ್."

"ನಂಗೆ ಯಾಕೆ ಹೇಳ್ಲಿಲ್ಲ ಮತ್ತೆ?"

"ಯೂ ಡೋಂಟ್ ಹ್ಯಾವ್ ಪಿಯಾನೋ."

ಅಜ್ಜಿ ನಕ್ಕರು, ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಬಿಸಿಲಿಗೆ ಕೂತು ಊಟ ಮಾಡುತ್ತಿದ್ದವರು ಈಗ ನನಗೆ ಕಾಣಬಾರದೆಂದು ಶೆಡ್ಡಿನ ಹಿಂದೆ, ಗಾಳಿಗೆ ಕೂತು ಉಣ್ಣುತ್ತಿದ್ದಾರಂತೆ.

ಅದು ಮನಸ್ಸಿಗೆ ಚುಚ್ಚಿತು. "ಇಬ್ಬರು ಊಟಕ್ಕೆ ಕೂತಿದ್ದಾರೆ, ನೆರಳು ನೀಲಿ" ಎಂದು ಬರೆದವಳು ನಾನೇ. ಎಷ್ಟೋ ದಿನದಿಂದ ಆ ನೀಲಿ ನೆರಳು ಕಾಣುತ್ತಿಲ್ಲವಲ್ಲ ಎಂದು ಅಂದುಕೊಂಡಿದ್ದೂ ನಾನೇ. ಎರಡು ದಿನ ಏರಿಯ ಕಡೆ ಹೋಗಲಿಲ್ಲ. ಹತ್ತು ಗಂಟೆಗೆ ಅಡುಗೆಮನೆಯಲ್ಲಿ ಕೂತು ಸದ್ದಿಲ್ಲದೆ ಬಟಾಣಿ ಸುಲಿದೆ. ಮೂರನೆಯ ದಿನ ನಮ್ಮವರು ನೀರು ಕುಡಿಯಲು ಬಂದವರು, ಗೋಡೆಗೆ ಒರಗಿಸಿಟ್ಟ ದೊಡ್ಡ ಹಾಳೆಯನ್ನೂ ನನ್ನನ್ನೂ ನೋಡಿದರು.

"ಸುಮ್ನೆ ಕೂತ್ರೆ ಅವರಿಗೇನು ಗೊತ್ತಾಗತ್ತೆ? ಪುಸ್ತಕ ನೋಡಿ ಹೆದರಿದಾರೆ ತಾನೆ? ಚಿತ್ರ ತೋರ್ಸು."

"ನಕ್ಕರೆ?"

"ನಗಲಿ ಬಿಡೆ. ಹೆದರ್ಕೊಂಡು ಊಟ ಮಾಡೋದಕ್ಕಿಂತ ವಾಸಿ."

ಶನಿವಾರ ಮಗಳನ್ನು ದುಭಾಷಿಯಾಗಿ ಕರೆದುಕೊಂಡು ಗೇಟಿಗೆ ಹೋದೆ. ನನ್ನನ್ನು ಒಳಗೆ ಕಂಡೊಡನೆ ಪೈಪು ಹಿಡಿದವರು ನೀರು ಬಿಟ್ಟೇಬಿಟ್ಟರು. ಮೇಸ್ತ್ರಿ ಶೆಡ್ಡಿನಿಂದ ಹೊರಬಂದು ಬಾಗುವುದರೊಳಗೆ ನಾನೇ ಮೊದಲು ಬಾಗಿದೆ. ಚೀಲದಿಂದ ಮೂವತ್ತು ನಲವತ್ತು ಚಿಕ್ಕ ಚಿತ್ರಗಳನ್ನು ತೆಗೆದು ಶೆಡ್ಡಿನ ಮೇಜಿನ ಮೇಲೆ ಹರಡಿದೆ. ಮಂಜಿನ ಅಂಗಳ, ಮಳೆಯ ಅಂಗಳ, ಜುಲೈನ ಬಿಸಿಲಿನ ಅಂಗಳ. ಮಗಳು ಆಟದ ಮೈದಾನದಲ್ಲಿ ಕಲಿತ ಜಪಾನೀಸಿನಲ್ಲಿ ಪಟಪಟನೆ ಎಲ್ಲ ಒಪ್ಪಿಸಿದಳು: ನಮ್ಮಮ್ಮ ದೂರು ಬರೆಯುತ್ತಿಲ್ಲ, ಬಣ್ಣ ಬರೆದುಕೊಳ್ಳುತ್ತಾಳೆ, ಧೂಳು ಅಂದರೆ ಅವಳಿಗೆ ನಿಜವಾಗಿಯೂ ಇಷ್ಟ, ಸ್ವಲ್ಪ ವಿಚಿತ್ರ, ಆದರೆ ಒಳ್ಳೆಯವಳು.

ಮೇಸ್ತ್ರಿ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. "ನಮ್ಮ ಧೂಳು ನೇರಳೆಯಾ?" ಎಂದು ಕೇಳಿದರು. ಹತ್ತೂ ಇಪ್ಪತ್ತರ ಮೇಲೆ ನೇರಳೆ ಎಂದೆ. ಅವರು ತಿರುಗಿ ಕೂಗಿದರು, ಐವರೂ ಬಂದು ಮೇಜನ್ನು ಸುತ್ತುವರಿದರು. ಪೈಪಿನವರು ಪೈಪನ್ನು ಹಿಡಿದುಕೊಂಡೇ ಬಂದಿದ್ದರಿಂದ ಎಲ್ಲರ ಬೂಟೂ ತೋಯ್ದವು. ಆಗ ನಗು ಶುರುವಾದದ್ದು, ನಿಲ್ಲಲಿಲ್ಲ. ಕ್ರೇನಿನವರು ಕೋಡುಬಳೆಯ ಡಬ್ಬಿ ತಂದು ತೋರಿಸಿದರು. ಮುಚ್ಚಳ ತೆಗೆಯಲು ಭಯಪಟ್ಟು ಒಂದು ವಾರ ಹಾಗೇ ಇಟ್ಟಿದ್ದರಂತೆ, ತೆಗೆದ ಮೇಲೆ ಒಂದೇ ದಿನಕ್ಕೆ ಖಾಲಿಯಂತೆ.

ಡಿಸೆಂಬರಿಗೆ ಹೊರಡುತ್ತೇವೆ, ದೊಡ್ಡ ಚಿತ್ರದಲ್ಲಿ ಧೂಳೊಂದೇ ಬಾಕಿ ಎಂದು ಮಗಳ ಬಾಯಿಂದ ಹೇಳಿಸಿದೆ. ಮೇಸ್ತ್ರಿ ಮತ್ತೆ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ಬೋರ್ಡಿನಲ್ಲಿ ಹಾಕಿಯಾಗಿದೆ, ಬೋರ್ಡಿನಲ್ಲಿ ಇದ್ದದ್ದನ್ನು ಮಾಡಲೇಬೇಕು. ಎಲ್ಲರೂ ಗೇಟಿಗೆ ಹೋಗಿ ಬೋರ್ಡಿನ ಮುಂದೆ ನಿಂತೆವು. ಅವರು ಜೇಬಿನಿಂದ ಪೆನ್ನು ತೆಗೆದು, ಬಹಳ ಹೊತ್ತು ಯೋಚಿಸಿ, 10.00 ಎಂಬುದನ್ನು ನೀಟಾಗಿ ಹೊಡೆದುಹಾಕಿ 10.30 ಎಂದು ಬರೆದರು. ಪಕ್ಕದಲ್ಲಿ ಸಣ್ಣದಾಗಿ: "ಸೋಮವಾರ ಮಾತ್ರ."

ಅರ್ಧ ಗಂಟೆಯ ಧೂಳು ನನಗೆ ಮಂಜೂರಾಗಿತ್ತು.

ಸೋಮವಾರ ಬಿಸಿಲು ಚೆನ್ನಾಗಿತ್ತು. ನೋಟ್‌ಪುಸ್ತಕ ಮನೆಯಲ್ಲೇ ಬಿಟ್ಟು, ದೊಡ್ಡ ಹಾಳೆಯನ್ನೇ ಹಲಗೆಗೆ ಕ್ಲಿಪ್ ಹಾಕಿ ಒಯ್ದಿದ್ದೆ. ಮೇಸ್ತ್ರಿ ಏರಿಯ ಮೇಲೆ ನನ್ನ ಪಕ್ಕದಲ್ಲೇ ನಿಂತು, ಬರುವ ಸೈಕಲಿನವರಿಗೆಲ್ಲ ಬಾಗಿ "ಹತ್ತೂವರೆಯವರೆಗೆ ಧೂಳು, ಸುಮಿಮಾಸೆನ್" ಎನ್ನುತ್ತಿದ್ದರು. ಕೆಳಗೆ ಟಾರ್ಪಾಲು ಸರಿಯಿತು. ಬಕೆಟ್ಟು ಬಾಯಿ ತೆರೆಯಿತು. ಗುಲಾಬಿ, ಹಳದಿ, ಆಮೇಲೆ ನನ್ನ ನೇರಳೆ. ನಾನು ಗಡಿಯಾರ ನೋಡಲಿಲ್ಲ. ಅದನ್ನು ಅವರು ನೋಡಿಕೊಂಡರು. ಹತ್ತೂ ಇಪ್ಪತ್ತೊಂಬತ್ತಕ್ಕೆ ಕೈ ಎತ್ತಿದರು, ಮೂವತ್ತಕ್ಕೆ ನೀರು ಬಂತು. ಬೋಳು ಜಾಗ ತುಂಬಿತ್ತು.

ಹೊರಡುವ ಹಿಂದಿನ ವಾರ ಚಿತ್ರವನ್ನು ಅಂಗಳಕ್ಕೆ ಒಯ್ದೆ. ಅವರ ಚಹಾಪುಡಿ ಡಬ್ಬಿಗೆ ಮರು ಡಬ್ಬಿ ಬಾಕಿಯಿತ್ತಲ್ಲ, ಅದರ ಜೊತೆ ಚಿತ್ರವೂ ಅವರಿಗೇ ಎಂದು ನಿಶ್ಚಯಿಸಿದ್ದೆ. ಶೆಡ್ಡಿನ ಹೊರಗೆ, ಮಧ್ಯಾಹ್ನದ ಬಿಸಿಲಿನಲ್ಲಿ, ಎಲ್ಲರೂ ಊಟದ ಡಬ್ಬಿ ಬಿಚ್ಚಿ ಕೂತಿದ್ದರು. ಚಿತ್ರ ಕೈಯಿಂದ ಕೈಗೆ ಹೋಯಿತು. ಧೂಳಿನೊಳಗೆ ಐದು ಕಿತ್ತಳೆ ಚುಕ್ಕೆಗಳು. ಕ್ರೇನಿನವರು ಎತ್ತರದ ಚುಕ್ಕೆ ತಮ್ಮದೆಂದರು. ಪೈಪಿನವರು ಬಾಗಿದ ಚುಕ್ಕೆ ತಮ್ಮದು, ಸೊಂಟನೋವಿದೆ ನೋಡಿ ಎಂದರು. ಇನ್ನಿಬ್ಬರು ಒಂದೇ ಚುಕ್ಕೆಗೆ ಜಗಳವಾಡಿದರು. ಇಬ್ಬರಿಗೂ ಬೇಕಾದದ್ದು ಹೊಟ್ಟೆಯಿಲ್ಲದ ಚುಕ್ಕೆ.

ಮೇಸ್ತ್ರಿ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು. "ತುಂಬಾ ಸುಂದರವಾಗಿದೆ" ಎಂದರು. ಕನ್ನಡಕ ಒರೆಸಿಕೊಂಡು ಮತ್ತೆ, "ನಿಜಕ್ಕೂ ತುಂಬಾ ಸುಂದರವಾಗಿದೆ."

ಅಷ್ಟು ಹೊತ್ತಿಗೆ ನನಗೂ ಬುದ್ಧಿ ಬಂದಿತ್ತು. ಮಗಳನ್ನು ಹತ್ತಿರ ಎಳೆದುಕೊಂಡು ಕನ್ನಡದಲ್ಲಿ ಕೇಳಿದೆ. "ಏನೋ ದೂರಿದೆ ಇವರದ್ದು. ಏನು ನೋಡು."

ಅವಳು ಚಿತ್ರ ನೋಡಿದಳು, ಮೇಸ್ತ್ರಿಯನ್ನು ನೋಡಿದಳು, ಬೆರಳು ಮಡಿಸಿ ಎಣಿಸಿದಳು. "ಅಮ್ಮಾ, ಹೀ ಈಸ್ ನಾಟ್ ಇನ್ ಇಟ್."

ಹೌದಲ್ಲ! ಆ ಅರ್ಧ ಗಂಟೆ ಪೂರ್ತಿ ಅವರು ಏರಿಯ ಮೇಲೆ, ನನ್ನ ಪಕ್ಕದಲ್ಲಿ, ಸೈಕಲುಗಳಿಗೆ ಬಾಗುತ್ತಿದ್ದರು. ಚೀಲದಲ್ಲಿ ಬಣ್ಣದ ಡಬ್ಬಿ ಇತ್ತು. ಪೈಪಿನವರ ಲೋಟದ ನೀರಿನಲ್ಲಿ ಕುಂಚ ಅದ್ದಿ, ಗುಡ್ಡೆಯ ಬುಡದಲ್ಲಿ, ಬೆಳಕು ಬೀಳುವ ಕಡೆ ಆರನೆಯ ಚುಕ್ಕೆ ಇಟ್ಟೆ. ತಲೆಯ ಜಾಗಕ್ಕೆ ಬಿಳಿ.

"ಸುಮಿಮಾಸೆನ್," ಎಂದರು ಮೇಸ್ತ್ರಿ. ತಮ್ಮ ಹೆಲ್ಮೆಟ್ಟು ತೆಗೆದು ಚಿತ್ರದ ಪಕ್ಕ ಹಿಡಿದರು. "ಹಸಿರು ಗೆರೆ?"

ಆ ಫ್ರೆಂಚ್ ಚಿತ್ರಕಾರ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಅಷ್ಟು ದೂರದಿಂದ ಗೆರೆ ಕಾಣುವುದಿಲ್ಲ. ನಾನೂ ಹಾಗೇ ಹೇಳಬೇಕೆಂದಿದ್ದೆ. ಆದರೆ ಗೆರೆಯಿಲ್ಲದಿದ್ದರೆ ಅದು ಇವರಲ್ಲ, ಬೇರೆ ಯಾರೋ. ಕುಂಚದ ತುದಿಯ ಎರಡೇ ಕೂದಲಿನಲ್ಲಿ ಹಸಿರು ತೆಗೆದುಕೊಂಡು, ಉಸಿರು ಬಿಗಿಹಿಡಿದು, ಅಕ್ಕಿಕಾಳಿನಷ್ಟು ಹೆಲ್ಮೆಟ್ಟಿನ ಮೇಲೆ ಎಳೆದೆ. ಐದು ಹೆಲ್ಮೆಟ್ಟುಗಳೂ ಮೇಸ್ತ್ರಿಯ ಬರಿತಲೆಯೂ ಮಗಳ ಎರಡು ಜಡೆಗಳೂ ಹಾಳೆಯ ಮೇಲೆ ಬಾಗಿದ್ದವು.

"ಹಾಯ್, ಹೌದು," ಎಂದರು ಮೇಸ್ತ್ರಿ. "ಇದು ನಾನು."

"ಹಸಿ ಇದೆ, ಆರೋವರೆಗೆ ಧೂಳು ಬೀಳದ ಹಾಗೆ ನೋಡ್ಕೊಳಿ ಅಂತ ಹೇಳು" ಎಂದು ಮಗಳಿಗೆ ಹೇಳಿದೆ. ಅವಳು ಹೇಳಿದಳು. ಕ್ರೇನಿನವರು ಬಾಯಿಯೊಳಗಿನ ಅನ್ನ ಉಳಿಸಿಕೊಳ್ಳಲು ಮುಖ ತಿರುಗಿಸಿಕೊಂಡರು. ಮೇಸ್ತ್ರಿ ಮಾತ್ರ ನಗದೆ, ಹೆಲ್ಮೆಟ್ಟು ತಲೆಗಿಟ್ಟುಕೊಂಡು ಎದ್ದರು, ಶೆಡ್ಡಿನೊಳಗೆ ಹೋದರು, ಮತ್ತು ಒಂದು ನೀಲಿ ಟಾರ್ಪಾಲು ತಂದು ಚಿತ್ರದ ಮೇಲೆ ಚಪ್ಪರದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತರು.